ಕೆಡಿಸಲೆಂದೇ ಮಾಡಿದ ಫೋನು

ನನ್ನ ತಮ್ಮನ ಕಿಸೆಯಲ್ಲಿ ಮೊಬೈಲ್ ಇಲ್ಲ, ಅವನ ಕಂಪ್ಯೂಟರಿನ ಹೊಟ್ಟೆಯಲ್ಲಿದೆ. ಅದು ಬಿದ್ದು ಒಡೆಯುವುದಿಲ್ಲ, ಕಳ್ಳರಿಗೆ ಸಿಗುವುದಿಲ್ಲ, ಅದರ ಬ್ಯಾಟರಿ ಸದಾ ನೂರಕ್ಕೆ ನೂರು. ಮನೆಯ ಕರೆಂಟು ಹೋದರೆ ಮಾತ್ರ ಆ ನೂರನ್ನು ಇಟ್ಟುಕೊಂಡೇ ಸಾಯುತ್ತದೆ. ಇಂಥದ್ದನ್ನು ಮಾಡಿದವನಿಗೆ ಹುಚ್ಚ ಅನ್ನದೆ ಏನನ್ನಲಿ?

ರಾಣೆಬೆನ್ನೂರಿನಲ್ಲಿ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವನು ಅವನು. ಕೆಟ್ಟದ್ದು ಸಿಗದಿದ್ದರೆ ಚೆನ್ನಾಗಿದ್ದದ್ದನ್ನು ಬಿಚ್ಚುತ್ತಾನೆ. ಯಾರೋ ಎಸೆದ ಹಳೆಯ ಕಂಪ್ಯೂಟರನ್ನು ಹೊತ್ತು ತಂದು, ದೇವರ ಪಕ್ಕದಲ್ಲೇ ಇಟ್ಟಿದ್ದಾನೆ.

ಅವನ ಹುಚ್ಚಿಗೆ ನಾನು ಸಿಕ್ಕಿದ್ದು ಹೀಗೆ. ಬ್ಯಾಡಗಿಯಲ್ಲಿ ನಮ್ಮ ಹೆಣ್ಣುಮಕ್ಕಳ ಸಂಘ ಖಾರದಪುಡಿ ಮಾಡುತ್ತದೆ. ಮೊದಲಿನಿಂದಲೂ ನಾನೇ ಅಧ್ಯಕ್ಷೆ. ಇನ್ನು ಮುಂದೆ ಆರ್ಡರೆಲ್ಲ ಫೋನಿನ ಆ್ಯಪಿನಲ್ಲೇ ಬರುತ್ತವೆ, ಅದನ್ನು ನಡೆಸಲು ಬಾರದವರು ಕುರ್ಚಿ ಬಿಡಬೇಕು ಎಂದು ನಮ್ಮ ಸಂಘಗಳನ್ನು ನೋಡಿಕೊಳ್ಳುವ ಹಾವೇರಿಯ ಮೇಡಂ ಹೇಳಿದರು. ತಿಂಗಳೊಳಗೆ ಪರೀಕ್ಷೆ. ನಾನು ಓದಿದ್ದು ಎರಡನೇ ಇಯತ್ತೆ. ಈ ತಮ್ಮ ಹುಟ್ಟಿದ, ಅವನನ್ನು ಎತ್ತಿಕೊಳ್ಳಲು ನನ್ನನ್ನು ಶಾಲೆ ಬಿಡಿಸಿದರು. ಮುಂದೆ ನಾನು ಬರೆದು ಒರೆಸುತ್ತಿದ್ದ ಪಾಟಿಯೂ ಅವನಿಗೇ ಹೋಯಿತು.

ಸೊಸೆಯ ಫೋನಿನಲ್ಲಿ ಕಲಿಯಲು ಕುಳಿತೆ. ಅವಳ ತವರಿನ ಮದುವೆಯ ಫೋಟೋಗಳೆಲ್ಲ ಅಳಿಸಿಹೋದವು. ಅವಳು ಫೋನನ್ನು ಗೋಡೆಯಲ್ಲಿ ನನಗೆ ಎಟುಕದ ಮಾಡಿನಲ್ಲಿಟ್ಟಳು.

ತಮ್ಮನಿಗೆ ಹೇಳಿದೆ. "ಬಾ ಅಕ್ಕಾ, ಕೆಡಸಾಕಂತನ ನಿನಗೊಂದು ಫೋನ್ ಮಾಡಿಕೊಡ್ತೀನಿ" ಅಂದ.

ದಿನಾ ಬಸ್ಸು ಹತ್ತಿ ಅವನ ಮನೆಗೆ ಹೋದೆ; ಎರಡು ದಿನ ಆ ಫೋನು ಏಳಲೇ ಇಲ್ಲ. ಕಂಪ್ಯೂಟರಿನ ಒಳಗೆ ಯಾವುದೋ ಬಾಗಿಲಿಗೆ ಚಿಲಕ ಹಾಕಿದ್ದಾರಂತೆ. ಮೂರನೆಯ ದಿನ ಚಿಲಕ ತೆಗೆದ. ಕಂಪ್ಯೂಟರಿನ ಫ್ಯಾನು ಹಿಟ್ಟಿನ ಗಿರಣಿಯಂತೆ ಕೂಗಿತು, ಪರದೆಯ ಮೇಲೆ, ಮೌಸಿನಿಂದ ಒತ್ತಿದರೆ ನಿಜದಂತೆ ನಡೆಯುವ, ಗೇಣುದ್ದದ ಫೋನಿನ ಚಿತ್ರ ಎದ್ದು ನಿಂತಿತು. ತಮ್ಮ ಅದರಲ್ಲಿ ನಕ್ಷೆ ತೆರೆದು ಹಿಗ್ಗಿದ.

"ಅಕ್ಕಾ, ಇದರ ಲೆಕ್ಕದಾಗ ನಾವು ಅಮೆರಿಕಾದಾಗ ಅದೀವಿ."

"ಹಂಗಾರ ನನ್ನ ಬ್ಯಾಡಗಿ ಬಸ್ಸು ತಪ್ಪಿತನ್ನು."

ಕ್ಯಾಮೆರಾ ಒತ್ತಿದರೆ ಯಾರದೋ ಮನೆ, ಅದರಲ್ಲೊಂದು ಬೆಕ್ಕು.

"ಯಾರ ಮನಿಯೋ ಇದು?"

"ಯಾರದೂ ಅಲ್ಲ. ಫೋನಿನವರು ಸುಳ್ಳ ಮಾಡಿಟ್ಟಾರ."

"ಮತ್ತ ಬೆಕ್ಕಿಗೆ ಹಾಲು ಯಾರು ಹಾಕ್ತಾರ?"

ಅವನು ಬೆಕ್ಕನ್ನು ಅಲ್ಲೇ ಬಿಟ್ಟು, ನಕ್ಷೆಯಲ್ಲಿ ನಮ್ಮನ್ನು ಬ್ಯಾಡಗಿಗೆ ತರುವ ಕೆಲಸಕ್ಕೆ ಹತ್ತಿದ.

ಆ್ಯಪಿನಲ್ಲಿ ಕಲಿಯುವವರಿಗೆಂದು ಸುಳ್ಳು ಆರ್ಡರುಗಳಿದ್ದವು. ನಾನು ಮೌಸ್ ಹಿಡಿದು, ಬಂದ ಆರ್ಡರನ್ನೆಲ್ಲ ವಾಪಸ್ ಕಳಿಸಿದೆ, ಒಂದು ಕಿಲೋ ಕೇಳಿದವರಿಗೆ ನೂರು ಕಿಲೋ ಒಪ್ಪಿಕೊಂಡೆ, ಒಮ್ಮೆ ಇಡೀ ಫೋನನ್ನು ಚೀನೀ ಭಾಷೆಗೆ ತಿರುಗಿಸಿದೆ. ಹೇಗೆ ಎಂದು ಕೇಳಬೇಡಿ. ಮೌಸ್ ಖಾರದಪುಡಿಯಿಂದ ಕೆಂಪಾಯಿತು, ಅದನ್ನು ಮುಟ್ಟಿ ಕಣ್ಣುಜ್ಜಿಕೊಂಡ ತಮ್ಮನೂ ಕೆಂಪಾದ. ಆದರೂ ಪ್ರತಿಸಲ ಒಂದೇ ಮಾತು: "ತಪ್ಪಿತೇನು? ಒರಸಿದ್ರಾತು." ಒಂದು ಗುಂಡಿ ಒತ್ತುವನು, ಫೋನು ಆಗ ಹುಟ್ಟಿದ ಕೂಸಿನಂತೆ ಮತ್ತೆ ಏಳುವುದು. ಹದಿನೇಳು ಸಲ ಒರೆಸಿದ. ಹದಿನೆಂಟನೆಯದು ನನ್ನ ಕೈಯಲ್ಲಿ ಕೆಡಲಿಲ್ಲ.

ಪರೀಕ್ಷೆಯ ದಿನ ಹಾವೇರಿಯಲ್ಲಿ ಮೇಡಂ ನನ್ನ ಕೈಗೆ ಖರೇ ಫೋನು ಕೊಟ್ಟರು. ಹಿಂದೆ ಮುಂದೆ ತಿರುಗಿಸಿ ನೋಡಿದೆ.

"ಮೌಸ್ ಎಲ್ಲೈತ್ರಿ?"

ಸಭೆಗೆ ಸಭೆಯೇ ನಕ್ಕಿತು. ನನ್ನ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಖಜಾಂಚಿ ಎಲ್ಲರಿಗಿಂತ ಜೋರಾಗಿ ನಕ್ಕಳು.

"ಬೆರಳಿಲೆ ಒತ್ರಿ ಅಜ್ಜಿ" ಅಂದರು ಮೇಡಂ.

ಮೌಸ್ ಹಿಡಿದೂ ಹಿಡಿದೂ ಬೆರಳನ್ನೇ ಮರೆತಿದ್ದೆ; ಅದರಿಂದ ಈಗ ಎಷ್ಟು ಸುಲಭ! ಮೂರು ಆರ್ಡರನ್ನು ಒಂದೂ ತಪ್ಪದೆ ಮುಗಿಸಿ, ನಕ್ಕವರ ಕಡೆ ತಿರುಗಿದೆ. ಯಾರೂ ನಗುತ್ತಿರಲಿಲ್ಲ. ಖಜಾಂಚಿಗೆ, "ನಿನಗೂ ಕಲಿಸ್ತೀನಿ, ನಾಳಿಂದ ಬಾ" ಅಂದೆ. ಕುರ್ಚಿ ನನ್ನದೇ ಉಳಿಯಿತು.

ಪೇಡೆ ಕಟ್ಟಿಸಿಕೊಂಡು ನೇರ ರಾಣೆಬೆನ್ನೂರಿಗೆ ಹೋದೆ. ತಮ್ಮ ಕಂಪ್ಯೂಟರಿನ ಮುಂದೆಯೇ ಇದ್ದ.

"ಗೆದ್ದೆಲ್ಲ ಅಕ್ಕಾ, ಇನ್ನ ಇದನ್ನ ಒರಸ್ಲೇನು?"

"ಅಲ್ಲೋ, ಇಷ್ಟೆಲ್ಲಾ ಯಾಕ ಮಾಡಿದಿ?"

ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ನಿನ್ನ ಪಾಟಿ ನಾ ಇಟ್ಕೊಂಡಿದ್ನೆಲ್ಲ."

"ವಾಪಸ್ ಕೊಡಾಕ ಅರವತ್ತು ವರ್ಷ ಬೇಕಾತೇನು ನಿನಗ?" ಅಂದು, ಒರೆಸಲು ಹೊರಟಿದ್ದ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.