ಅತ್ತೆಯ ಮಂಡಿಗೆ ಮುಕ್ತಿ

ಕೇಳದೆ ಉಪಕಾರ ಮಾಡುವ ಚಟ ನನಗೆ ಇರಬಾರದಿತ್ತು.

ಬಾಗಲಗುಂಟೆಯ ನಮ್ಮ ಮನೆಯ ಮೇಲೆ ಮೂರು ಅಂತಸ್ತು, ಎಲ್ಲದರಲ್ಲೂ ಬಾಡಿಗೆಯವರು. ಬೆಳಿಗ್ಗೆ ನೀರಿನ ಮೋಟಾರ್ ಹಾಕಿ, ಟ್ಯಾಂಕ್ ತುಂಬಿತೋ ಎಂದು ತಾರಸಿಗೆ ಹೋಗಿ ನೋಡುವುದು ನಮ್ಮತ್ತೆ ಗೌರಮ್ಮನವರ ಖಾತೆ. ಹತ್ತುವಾಗ ಬಾಗಿಲು ಬಾಗಿಲಿಗೂ ಮಾತು, ಇಳಿಯುವಾಗ ಅದೇ ಮಾತಿನ ಉತ್ತರಾರ್ಧ. ಅವರೆಕಾಯಿ ಕಾಲದಲ್ಲಂತೂ ಮೇಲಿನ ಮರೆವ್ವನ ಬಾಗಿಲಲ್ಲಿ ಕೂತು ಒಂದು ಮೊರ ಸುಲಿದೇ ಇಳಿಯುವುದು. ಇಳಿದವರೇ "ಅಯ್ಯೋ ಮಂಡಿ" ಎನ್ನುವರು.

ಆ ‘ಅಯ್ಯೋ’ ನನ್ನ ಕರುಳಿಗೆ ತಾಗಿತು. ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಎಲೆಕ್ಟ್ರಿಷಿಯನ್ನನ್ನು ಕರೆಸಿ, ಟ್ಯಾಂಕ್ ತುಂಬಿದರೆ ಮೋಟಾರು ತಾನೇ ನಿಲ್ಲುವಂತೆ ಸೆನ್ಸರ್ ಹಾಕಿಸಿದೆ. ಡೈರಿಯಲ್ಲಿ ‘ಅತ್ತೆಯ ಮಂಡಿಗೆ ಮುಕ್ತಿ’ ಎಂದು ದಪ್ಪಕ್ಷರದಲ್ಲಿ ಬರೆದೆ. ಅಮ್ಮನನ್ನು ಒಂದು ಮಾತು ಕೇಳಬೇಕಿತ್ತು ಎಂದರು ನಮ್ಮವರು. (ಗಂಡಂದಿರ ಮಾತನ್ನೂ ಅಪರೂಪಕ್ಕೊಮ್ಮೆ ಕೇಳಬೇಕು. ನಾನು ಕೇಳಲಿಲ್ಲ.)

ಅತ್ತೆ ಸೋಫಾದ ಮೇಲೆ ಪ್ರತಿಷ್ಠಾಪನೆಗೊಂಡರು. ವಿಶ್ರಾಂತಿ ಸಿಕ್ಕಿದ್ದೇ ತಡ, ಮಂಡಿ ಮರಗಟ್ಟಿತು. ಮುದ್ದೆ ಅರ್ಧಕ್ಕಿಳಿಯಿತು, ನಿದ್ದೆ ಹಾರಿತು, ಬಿಪಿಯೊಂದೇ ಮೆಟ್ಟಿಲು ಹತ್ತುತ್ತಾ ಹೋಯಿತು. ಫ್ಯಾಕ್ಟರಿಗೆ ಓಡುತ್ತಿದ್ದ ಮರೆವ್ವ ನಮ್ಮ ಕಿಟಕಿಯಲ್ಲಿ ಇಣುಕಿ, "ಅತ್ತೀನ ಕಟ್ಟಿ ಹಾಕೀ ಏನವಾ?" ಎಂದು ಕೇಳಿಯೇಬಿಟ್ಟಳು.

ಗಾಬರಿಯಾಗಿ ಕ್ಲಿನಿಕ್ಕಿಗೆ ಕರೆದೊಯ್ದೆ. ಈಗ ದಿನವಿಡೀ ಏನು ಮಾಡುತ್ತೀರಿ ಎಂದರು ಡಾಕ್ಟರು. ಟೀವಿ, ಎಂದರು ಅತ್ತೆ. ಮೊದಲೇನು ಮಾಡುತ್ತಿದ್ದಿರಿ ಎಂದಾಗ ಮೋಟಾರು, ಮೆಟ್ಟಿಲು, ಮರೆವ್ವ, ಅವರೆಕಾಯಿ ಎಂದು ಶುರುಮಾಡಿದವರ ಮುಖ ಹೇಳುತ್ತ ಹೇಳುತ್ತಲೇ ಅರಳಿತು. ಡಾಕ್ಟರು ನನ್ನತ್ತ ತಿರುಗಿದರು.

"ಮೊದ್ಲು ಆ ಸೆನ್ಸರ್ ತೆಗ್ಸಿ. ನಿಧಾನಕ್ಕೆ ಹತ್ಲಿ, ನಾಲ್ಕು ಜನರ ಹತ್ರ ಮಾತಾಡ್ಲಿ. ಇವ್ರಿಗೆ ಅದೇ ಮಾತ್ರೆ."

ಅತ್ತೆ ಎದ್ದವರು ಮತ್ತೆ ಕೂತರು.

"ಅಂಗೇ ಇವಳ್ದೂ ನೋಡ್ಬುಡಿ ಸಾರ್. ವಯಸ್ಸಾದಾಗ ಯಾರಿರ್ತಾರೆ ಇವಳಿಗೆ? ಒಂದು ಬಾಗಿಲ ಪರಿಚಯ ಇಲ್ಲ. ಕೂಸು ಬಿಟ್ರೆ ಫೋನು, ಫೋನು ಬಿಟ್ರೆ ಕೂಸು."

ಬೇಡ ಬೇಡ ಎನ್ನುವಷ್ಟರಲ್ಲಿ ತೋಳಿಗೆ ಪಟ್ಟಿ ಬಿಗಿಯಿತು. ನನ್ನ ಬಿಪಿ ಅತ್ತೆಯದಕ್ಕಿಂತ ಒಂದು ಅಂತಸ್ತು ಮೇಲಿತ್ತು. ಅತ್ತೆಯ ಮಾತ್ರೆ ನನಗೂ ಜಾರಿಯಾಯಿತು.

ಸೆನ್ಸರ್ ಈಗ ಅಟ್ಟದಲ್ಲಿದೆ. ಅತ್ತೆಯ ಮುದ್ದೆ ಹಳೆಯ ಗಾತ್ರಕ್ಕೆ ಮರಳಿದೆ. ಇವತ್ತು ಮಗಳು ಮರೆವ್ವನ ಮಡಿಲಲ್ಲಿ ಆಡುತ್ತಿದ್ದಳು, ನಾನು ಪಕ್ಕದಲ್ಲಿ ಕೂತು ಮಾತು ಮುಗಿಯದೆ ಎರಡು ಮೊರ ಅವರೆ ಸುಲಿದೆ. ಇಳಿಯುವಾಗ ಬಾಯಿಂದ ತಾನಾಗಿ ಬಂತು, "ಅಯ್ಯೋ ಸೊಂಟ."

ಮುಂದೆ ಇಳಿಯುತ್ತಿದ್ದ ಅತ್ತೆ ತಿರುಗಿಯೂ ನೋಡಲಿಲ್ಲ.

"ಅದ್ಕೂ ಒಂದು ಸೆನ್ಸರ್ ಹಾಕಿಸ್ಲೇನವ್ವ?"