ಒಂದೇ ಒಂದು ಕಾಯಿಲೆ ಎಲೆ

ವೇಣು ಮಾಡಿದ ತಪ್ಪು ಒಂದೇ. ಬರುತ್ತೇನೆಂದು ಹಿಂದಿನ ದಿನವೇ ಫೋನ್ ಮಾಡಿದ್ದು.

ಪಿಎಚ್‌ಡಿ ಮುಗಿಸಿ, ಅದರ ಮೇಲೊಂದು ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಸಂಶೋಧನೆ ಕೆಲಸ ಹಿಡಿದಿದ್ದ ಅವನಿಗೆ ಗಿಡಗಳಿಗೆ ರೋಗ ತರುವ ಬೂಷ್ಟುಗಳ ಕುಲಗೋತ್ರ ಹುಡುಕುವುದೇ ಕೆಲಸ. ಯಾವ ಬೂಷ್ಟು ಯಾವುದರ ದಾಯಾದಿ, ಯಾವುದು ಹೊಸದು, ಎಲ್ಲವನ್ನೂ ಡಿಎನ್‌ಎ ಓದಿ ಹೇಳಬೇಕು. ಹೋದ ತಿಂಗಳು ಮಂಡಿಕಲ್ ಹತ್ತಿರದ ಹಳ್ಳಿಯಲ್ಲಿ ನರಸಿಂಹಪ್ಪನ ಸೇವಂತಿಗೆ ತೋಟದಿಂದ ಚುಕ್ಕಿ ಬಿದ್ದ ಎರಡು ಎಲೆ ತಂದಿದ್ದ. ಅದರ ಫಲಿತಾಂಶ ನಿನ್ನೆ ಬಂತು. ಜಗತ್ತಿನ ಯಾವ ಬೂಷ್ಟಿನ ಜೊತೆಗೂ ಹೊಂದಲಿಲ್ಲ. ಹೊಸ ಪ್ರಭೇದ! ವೇಣು ಲ್ಯಾಬಿನಲ್ಲೇ ಎರಡು ಸುತ್ತು ಕುಣಿದ.

"ಕುಣಿದಿದ್ದು ಸಾಕು, ಎಲೆ ಎಲ್ಲಿ?" ಅಂದರು ಅವನ ಮಾರ್ಗದರ್ಶಕಿ ಯಶೋಧರಾ ಮೇಡಂ.

ಎಲೆ ಎಲ್ಲಿಂದ ಬರಬೇಕು? ಆತುರಗಾರ ಎರಡನ್ನೂ ಅರೆದು ಡಿಎನ್‌ಎ ತೆಗೆದುಬಿಟ್ಟಿದ್ದ. ಹೊಸ ಪ್ರಭೇದಕ್ಕೆ ಹೆಸರಿಡಬೇಕಾದರೆ ರೋಗ ಹತ್ತಿದ ಎಲೆಯೊಂದನ್ನು ಒಣಗಿಸಿ ಜೋಪಾನವಾಗಿ ಇಡಲೇಬೇಕು. ಅದು ಈ ವಿದ್ಯೆಯ ನಿಯಮ.

"ನಾಳೆ ಮೂರು ಗಂಟೆಗೆ ಕಮಿಟಿ ಕೂರತ್ತೆ. ಅಷ್ಟರೊಳಗೆ ಎಲೆ ಕಿತ್ತು, ಒಣಗಿಸಕ್ಕೆ ಇಟ್ಟಿರೋ ಫೋಟೋ ಕಮಿಟಿ ಗ್ರೂಪಿಗೆ ಹಾಕಿ. ಎರಡು ವರ್ಷ ಎಕ್ಸ್‌ಟೆನ್ಷನ್ ಕೇಳ್ತೀನಿ. ಎಲೆ ಇಲ್ಲ ಅಂದ್ರೆ ಈ ತಿಂಗಳಿಗೇ ನಿಮ್ಮ ಕೆಲಸ ಮುಗೀತು."

ಆ ಉಮೇದಿನಲ್ಲೇ ವೇಣು ಫೋನ್ ತಿರುಗಿಸಿ, "ನಾಳೆ ತೋಟ ನೋಡಕ್ಕೆ ಬರ್ತೀನಿ ನರಸಿಂಹಪ್ಪೋರೆ. ದೊಡ್ಡ ದೊಡ್ಡೋರೆಲ್ಲ ಫೋಟೋ ನೋಡ್ತಾರೆ!" ಅಂದುಬಿಟ್ಟ.

ಬೆಳಿಗ್ಗೆ ಹತ್ತಕ್ಕೆ ಬೈಕ್ ನಿಲ್ಲಿಸಿ ತೋಟ ನೋಡಿದವನ ಎದೆ ಧಸಕ್ಕೆಂದಿತು. ತೋಟ ಮದುವಣಗಿತ್ತಿಯ ಹಾಗೆ ನಿಂತಿತ್ತು. ಸಾಲಿಗೆ ಸಾಲು ಹಸಿರು. ಮೂಗಿಗೆ ಔಷಧಿಯ ಘಾಟು. ಬದುವಿನ ಮೇಲೆ ಬೂದಿಯ ಗುಡ್ಡೆ. ನರಸಿಂಹಪ್ಪ ಇಸ್ತ್ರಿ ಮಾಡಿದ ಬಿಳಿ ಷರ್ಟಿನಲ್ಲಿ ಹಲ್ಲು ಕಿರಿಯುತ್ತಿದ್ದ.

"ಚುಕ್ಕಿ ಎಲೆ ಎಲ್ಲಿ?" ಅಂದ ವೇಣು.

"ಒಂದಾದ್ರೂ ಬಿಡ್ತೀವಾ ಸಾರ್? ದೊಡ್ಡೋರು ಫೋಟೋ ನೋಡ್ತಾರೆ ಅಂದ್ರಿ. ನಿಮ್ಮ ಮರ್ಯಾದೆ ಪ್ರಶ್ನೆ! ಕೇರಿಯೋರೆಲ್ಲ ಸೇರಿ ಕಿತ್ತು ಸುಟ್ಟಾಕಿದ್ವಿ. ಊರಲ್ಲಿ ಬೇರೆ ನಾಲ್ಕು ತೋಟಾನೂ ಹಂಗೇ ಮಾಡ್ಸಿದ್ವಿ."

ವೇಣು ಮಂಡಿಯೂರಿ ಒಂದೊಂದೇ ಗಿಡದ ಬುಡ ತಡಕತೊಡಗಿದ. ಜನ ಹಿಂದೆ ಹಿಂದೆ ಬಂದರು.

"ನೋಡ್ರಪ್ಪ, ಎಂಥಾ ಶ್ರದ್ಧೆ! ಹುಡುಕಿ ಸಾರ್, ಒಂದು ಚುಕ್ಕಿ ಸಿಕ್ಕಿದ್ರೆ ನನ್ನ ಮೀಸೆ ಬೋಳಿಸ್ಕೊಂತೀನಿ," ಅಂದ ನರಸಿಂಹಪ್ಪ.

ಮೀಸೆ ಉಳಿಯಿತು. ವೇಣುವಿಗೆ ಅಳುವೊಂದು ಬಾಕಿ. ಒಂದೂವರೆಗೆ ಸೋತು ಬೀದಿಗೆ ಬಂದವನ ಕಣ್ಣಿಗೆ ಬಿತ್ತು ನೋಡಿ, ಎದುರು ಮನೆ ವರಲಕ್ಷ್ಮಮ್ಮನ ಅಂಗಳದ ಒಂಟಿ ಸೇವಂತಿಗೆ ಗಿಡ. ಎಲೆಗಳ ತುಂಬ ಅದೇ ಕಂದು ಚುಕ್ಕಿ! ಅವನಿಗೆ ಕಳೆದ ಪ್ರಾಣ ವಾಪಸು ಬಂತು.

"ಅಮ್ಮಾ, ನಿಮ್ಮ ಗಿಡಕ್ಕೆ ರೋಗ ಬಂದಿದೆ!" ಎಂದು ಸಂತೋಷದಿಂದ ಕೂಗಿದ.

ವರಲಕ್ಷ್ಮಮ್ಮ ಸೆರಗು ಸಿಕ್ಕಿಸಿಕೊಂಡು ಹೊರಬಂದರು. "ರೋಗಾನಾ? ನಮ್ಮನೆಗಾ? ನಾಲಿಗೆ ಬಿಗಿ ಹಿಡಿದು ಮಾತಾಡಪ್ಪ. ಅದಕ್ಕೆ ದೃಷ್ಟಿ ಆಗಿದೆ, ಅಷ್ಟೆ. ಮುಟ್ಟಿದ್ರೆ ನೋಡು!"

ಗಂಟೆ ಎರಡಾಯಿತು. ಕೈಮುಗಿದದ್ದಾಯಿತು, ಬೇಡಿದ್ದಾಯಿತು. ಕೊನೆಗೆ ವೇಣು ಬ್ರಹ್ಮಾಸ್ತ್ರ ಬಿಟ್ಟ.

"ಅಮ್ಮಾ, ಇದು ಪ್ರಪಂಚದಲ್ಲಿ ಯಾರೂ ಕಾಣದ ಹೊಸ ಜೀವ. ಅದಕ್ಕೆ ನಿಮ್ಮ ಹೆಸರೇ ಇಡ್ತೀನಿ. ವರಲಕ್ಷ್ಮಿ ಅಂತ. ವಿಜ್ಞಾನದ ಪುಸ್ತಕದಲ್ಲಿ ಸೂರ್ಯಚಂದ್ರ ಇರೋವರೆಗೂ ಇರತ್ತೆ!"

ವರಲಕ್ಷ್ಮಮ್ಮನ ಮುಖ ಊರಗಲವಾಯಿತು. "ನನ್ನ ಹೆಸರಾ? ಪುಸ್ತಕದಲ್ಲಾ? ಏ ತನುಜಾ, ಕೇಳಿಸ್ತೇನೇ? ಸಾರ್‌ಗೆ ಕಾಫಿ ಇಡೇ! ಕುಂತ್ಕೊಳಪ್ಪ, ಕಾಫಿ ಕುಡಿದು ಗಿಡಾನೇ ತಗೊಂಡೋಗು."

ನರಸಿಂಹಪ್ಪನ ಮುಖ ಹುಳ್ಳಗಾಯಿತು. "ಮೊದ್ಲೇ ಹೇಳಬಾರ್ದಾ ಸಾರ್? ನಮ್ಮ ತೋಟದ್ದಕ್ಕೆ ನಮ್ಮ ಹೆಸರಿರ್ತಿತ್ತು," ಎಂದು ಗೊಣಗಿದ.

ವೇಣುವಿಗೆ ಸಂಭ್ರಮ ತಡೆಯಲಾಗಲಿಲ್ಲ. ಅಲ್ಲಿಂದಲೇ ಮೇಡಂಗೆ ಫೋನ್ ಹಚ್ಚಿದ. "ಮೇಡಂ, ವರಲಕ್ಷ್ಮಿ ಸಿಕ್ತು! ಹೆಸರು ಅದೇ ಮೇಡಂ, ಮಾತು ಕೊಟ್ಟಿದೀನಿ. ಭಯಂಕರವಾಗಿದೆ! ಇದು ಹೊಕ್ಕ ತೋಟ ಉದ್ಧಾರ ಆಗಲ್ಲ. ಎಲ್ಲಿ ಕಂಡ್ರೂ ಬುಡಸಮೇತ ಕಿತ್ತು ಸುಡಬೇಕು, ಬೇರೆ ದಾರೀನೇ ಇಲ್ಲ!"

ಹಿಂದೆ ಲೋಟ ಕುಕ್ಕಿದ ಸದ್ದಾಯಿತು.

"ನನ್ನ ಹೆಸರಿಟ್ಟು ಇದನ್ನಾ ಬರೀತೀಯ ಪುಸ್ತಕದಲ್ಲಿ?" ಎಂದರು ವರಲಕ್ಷ್ಮಮ್ಮ. "ನಾಳೆ ಚಿಂತಾಮಣಿ ಮಾರ್ಕೆಟ್ಟಲ್ಲಿ ಕಂಡಕಂಡೋರೆಲ್ಲ ವರಲಕ್ಷ್ಮಿ ಹತ್ತಿ ತೋಟ ಹಾಳಾಯ್ತು ಅನ್ನಬೇಕಾ?"

ಸೊಸೆ ತನುಜ ಒಳಗಿನಿಂದ, "ಹೆಸರು ಚೆನ್ನಾಗೇ ಐತೆ ಬಿಡಿ ಅತ್ತೆ," ಅಂದಳು.

ಅಷ್ಟೇ ಬೇಕಾಗಿತ್ತು. ವರಲಕ್ಷ್ಮಮ್ಮ ಗಿಡಕ್ಕೆ ಕೈಹಾಕಿದರು. ವೇಣು "ಅಮ್ಮಾ, ಒಂದೆಲೆ, ಒಂದೇ ಒಂದೆಲೆ!" ಎನ್ನುತ್ತ ಓಡುವಷ್ಟರಲ್ಲಿ ಗಿಡ ಬೇರುಸಮೇತ ಬಚ್ಚಲೊಲೆ ಸೇರಿ ಚಟಪಟ ಅಂತು.

ವೇಣು ಜಗಲಿಯ ಮೇಲೆ ಕುಸಿದ. ಗಂಟೆ ಮೂರಕ್ಕೆ ಹತ್ತು ನಿಮಿಷ. ನರಸಿಂಹಪ್ಪನಿಗೆ ಹೆಸರು ತಪ್ಪಿದ ಕೋಪವೆಲ್ಲ ಇಳಿದು ಅಯ್ಯೋ ಅನಿಸಿತು.

"ಮನಸ್ಸಿಗೆ ಹಚ್ಕೋಬೇಡಿ ಸಾರ್. ಇದೇ ಕೊನೇ ಗಿಡ, ಅದೂ ಹೋಯ್ತು. ನೀವು ಕಾಲಿಟ್ರಿ, ರೋಗ ಊರುಬಿಡ್ತು!" ಎಂದವನೇ ಮನೆಗೆ ಓಡಿ ಶಾಲು, ಹಾರ ತಂದ. ವೇಣು ಬೇಡ ಬೇಡವೆನ್ನುತ್ತಿದ್ದರೂ ಹೊದಿಸಿ, ಅವನ ಫೋನಿನಲ್ಲೇ ಪಟಪಟ ಫೋಟೋ ತೆಗೆಸಿದ.

"ದೊಡ್ಡೋರು ಫೋಟೋ ನೋಡ್ತಾರೆ ಅಂದ್ರಲ್ಲ ಸಾರ್, ಗ್ರೂಪು ತೆಗೆದೇ ಇತ್ತು, ಹಾಕ್ಬಿಟ್ಟೆ. ಸಾರ್ ಕಾಲಿಟ್ಟ ದಿನವೇ ರೋಗ ಊರುಬಿಡ್ತು ಅಂತ ನಾಲ್ಕು ಮಾತೂ ಹೇಳಿ ಕಳಿಸಿದೀನಿ!"

ವೇಣು ಫೋನ್ ಕಿತ್ತುಕೊಂಡ. ಕಮಿಟಿಯ ಹನ್ನೊಂದು ಮಂದಿಯೂ ಆಗಲೇ ನೋಡಿಯಾಗಿತ್ತು.

ಮೂರೂವರೆಗೆ ಮೇಡಂ ಫೋನ್ ಬಂತು.

"ವೇಣು, ಕಮಿಟಿಯೋರು ಎದ್ದು ನಿಂತು ಚಪ್ಪಾಳೆ ಹೊಡೆದರು ರೀ!"

ವೇಣು ದಡಕ್ಕನೆ ಎದ್ದ. "ಹೌದಾ ಮೇಡಂ? ಎಕ್ಸ್‌ಟೆನ್ಷನ್ ಆಯ್ತಾ?"

"ಎಲೆ ಹುಡುಕಣ, ಟೈಮ್ ಕೊಡಿ ಅಂತ ಎಷ್ಟು ಬಡ್ಕೊಂಡ್ರೂ ಕೇಳಲಿಲ್ಲಪ್ಪ. ಒಂದೇ ದಿನದಲ್ಲಿ ರೋಗಾನೇ ಓಡಿಸಿದ ಮೇಲೆ ಇನ್ನೆರಡು ವರ್ಷ ಅಲ್ಲಿ ಏನು ಮಾಡ್ತಾನೆ ಅಂತಾರೆ. ಮೂವತ್ತನೇ ತಾರೀಕು ನಿಮಗೆ ಬೀಳ್ಕೊಡುಗೆ ಸನ್ಮಾನ ಇಟ್ಟಿದಾರೆ. ಶಾಲು ಯಾವ ಬಣ್ಣದ್ದು ತರಿಸಲಿ ಅಂತ ಕೇಳ್ತಿದಾರೆ."