ಗುರುಗ್ರಹದ ಚಂದ್ರನಿಗೆ ಒಂಬತ್ತು ಕೆಂಪು ಸುತ್ತು

ಲೆಕ್ಕ ಇಡುವವರನ್ನು ಲೋಕ ಬೇಗ ನಂಬಿಬಿಡುತ್ತದೆ. ತಾರೀಖು, ಗಂಟೆ ಬರೆದಿಟ್ಟವನು ತಪ್ಪು ಮಾಡಲಾರ ಎಂದು ಎಲ್ಲರೂ ತಿಳಿಯುತ್ತಾರೆ; ಎಲ್ಲರಿಗಿಂತ ಮೊದಲು ಅವನೇ ತಿಳಿಯುತ್ತಾನೆ. ನಾನು ಆ ಪೈಕಿ. ಬಸ್ಸಿಗೆ ಕಾದ ನಿಮಿಷಗಳೂ ನನ್ನ ದಿನಚರಿಯಲ್ಲಿವೆ. ಕೊನೆಯ ಪುಟಗಳಲ್ಲಿ ಇನ್ನೊಂದು ಪಟ್ಟಿ: ಬಾಹ್ಯಾಕಾಶ ನೌಕೆಗಳು ತೆಗೆದು ಕಳಿಸಿದ ಗ್ರಹಗಳ, ಚಂದ್ರಗಳ ಚಿತ್ರಗಳಲ್ಲಿ ನಾನು ನೋಡಿದವು. ಶನಿಯ ಉಂಗುರ ಹದಿನಾಲ್ಕು, ಮಂಗಳದ ನೆಲ ಮೂವತ್ತೊಂದು, ಪ್ಲೂಟೊ ಎರಡು. ತೀರಾ ಮನಸ್ಸಿಗೆ ಹತ್ತಿದ್ದನ್ನು ಮುದ್ರಿಸಿ ಕೋಣೆಯ ಗೋಡೆಗೆ ಅಂಟಿಸುತ್ತೇನೆ. ನೋಡಿದ ದಿನ, ಅಂಟಿಸಿದ ದಿನ ಎಲ್ಲಕ್ಕೂ ಕಾಲಂ ಇದೆ. ಎಲ್ಲಿ ಮುದ್ರಿಸಿದೆ ಎಂಬುದಕ್ಕೆ ಮಾತ್ರ ಇಲ್ಲ. ಕಾರ್ಖಾನೆಯ ಪ್ರಿಂಟರಿನಲ್ಲಿ.

ಪೀಣ್ಯದ ಒಂದು ಫೌಂಡ್ರಿಯಲ್ಲಿ ಎರಕ ಹೊಯ್ದ ಪಂಪಿನ ಭಾಗಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಅಚ್ಚಿನ ಮರಳು ತೀರಾ ಹಸಿಯಾಗಿದ್ದರೆ, ಅಚ್ಚು ಸರಿಯಿಲ್ಲದಿದ್ದರೆ ಗಾಳಿ ಸಿಕ್ಕಿಕೊಂಡು ಕಬ್ಬಿಣದಲ್ಲಿ ಗುಳಿಗಳು ಬೀಳುತ್ತವೆ. ಅಂಥವುಗಳ ಫೋಟೊ ಮುದ್ರಿಸಿ ಟ್ರೇನಲ್ಲಿ ಬಿಟ್ಟರೆ, ಸೂಪರ್‌ವೈಸರ್ ಮುನಿರಾಜು ಕೆಂಪು ಪೆನ್ನಿನಲ್ಲಿ ಗುಳಿಗಳನ್ನು ಸುತ್ತಿ, ಅಚ್ಚು ಮಾಡಿದವರ ಹೆಸರು ಬರೆದು ಬೋರ್ಡಿಗೆ ಚುಚ್ಚುತ್ತಾರೆ. ತಿಂಗಳಲ್ಲಿ ಮೂರು ಸಲ ಹೆಸರು ಏರಿದರೆ ಅಚ್ಚಿನ ಕೆಲಸ ತಪ್ಪಿ, ಮುಂದಿನ ತಿಂಗಳೆಲ್ಲ ಮರಳು ಜರಡಿ ಹಿಡಿಯಬೇಕು. ಕೊಪ್ಪಳದ ಕಡೆಯ ಶರಣಪ್ಪ ಹತ್ತೊಂಬತ್ತು ವರ್ಷ ಅಚ್ಚು ಮಾಡಿದವರು. ಆ ತಿಂಗಳು ಅವರ ಹೆಸರು ಎರಡು ಸಲ ಏರಿತ್ತು. ಎರಡೂ ನಾನು ತೆಗೆದ ಫೋಟೊಗಳೇ.

ಮಂಗಳವಾರ ಬೆಳಿಗ್ಗೆ ಪರೀಕ್ಷೆಗೆ ಬಂದದ್ದು ಶರಣಪ್ಪನವರ ಕೆಲಸ ಮಾತ್ರ; ಅದರಲ್ಲಿ ದೋಷ ಸಿಗಲಿಲ್ಲ. ಬಿಡುವಿದೆಯೆಂದು ಎಂಟು ನಲವತ್ತಕ್ಕೆ ಗುರುಗ್ರಹದ ಚಂದ್ರ ಕ್ಯಾಲಿಸ್ಟೊವನ್ನು ಮುದ್ರಣಕ್ಕೆ ಕೊಟ್ಟೆ. ಹತ್ತಿರದಿಂದ ತೆಗೆದ ಕಪ್ಪುಬಿಳುಪು ಚಿತ್ರ. ಆಕಾಶವಿಲ್ಲ, ಅಂಚಿಲ್ಲ, ಬರೀ ಗುಳಿಗಳು. ಫೋನ್ ಬಂತೆಂದು ಹೊರಗೆ ಹೋಗಿ ಬರುವಷ್ಟರಲ್ಲಿ ಕ್ಯಾಲಿಸ್ಟೊ ಬೋರ್ಡಿನ ಮೇಲಿತ್ತು, ಒಂಬತ್ತು ಕೆಂಪು ಸುತ್ತುಗಳೊಂದಿಗೆ. ಕೆಳಗೆ ‘ಶರಣಪ್ಪ, ಮೂರನೆಯದು’ ಎಂದು ಬರೆದಿತ್ತು.

ಆಗಲೇ ಹೇಳಬೇಕಿತ್ತು. ಹೇಳಿದರೆ ಪ್ರಿಂಟರಿನ ವಿಷಯ ಹೊರಬರುತ್ತಿತ್ತು. ಎರಡು ಗಂಟೆ ಹತ್ತು ನಿಮಿಷ ಸುಮ್ಮನಿದ್ದೆ. ಅಷ್ಟರಲ್ಲಿ ಹನ್ನೊಂದು ಭಾಗಗಳನ್ನು ಪರೀಕ್ಷಿಸಿದೆ, ಒಂದೂ ನೆನಪಿಲ್ಲ.

ಟೀ ಹೊತ್ತಿಗೆ ಶರಣಪ್ಪ ಬಂದು ಬೋರ್ಡಿನ ಮುಂದೆ ಬಹಳ ಹೊತ್ತು ನಿಂತರು. ಅವರ ಮುಖದಲ್ಲಿ ಸಿಟ್ಟಿಗಿಂತ ಗೊಂದಲವೇ ಹೆಚ್ಚಿತ್ತು.

“ಇದು ನಂದಲ್ರಿ ಸಾರ್,” ಅಂದರು ಮುನಿರಾಜುವಿಗೆ. “ಇಷ್ಟು ಕೆಟ್ಟ ಕೆಲಸ ನನ್ನ ಕೈಲೆ ಆಗಂಗಿಲ್ಲ.”

“ಮತ್ತೆ ಆಕಾಶದಿಂದ ಉದುರ್ತಾ?”

ಶರಣಪ್ಪ ಕೈಗವಸು ಕಳಚತೊಡಗಿದರು. ಅದನ್ನು ನನ್ನಿಂದ ನೋಡಲಾಗಲಿಲ್ಲ.

“ಹೌದು ಸಾರ್, ಅಲ್ಲಿಂದಾನೇ,” ಅಂದೆ. “ಅದು ಗುರುಗ್ರಹದ ಚಂದ್ರ. ಪ್ರಿಂಟ್ ಕೊಟ್ಟಿದ್ದು ನಾನು.”

ಮುನಿರಾಜು ಚಿತ್ರವನ್ನು ನೋಡಿದರು, ನನ್ನನ್ನು ನೋಡಿದರು. “ಈ ವರ್ಷ ನೀನು ಪ್ರಿಂಟ್ ತೆಗ್ದಿರೋದ್ರಲ್ಲಿ ಕಬ್ಬಿಣ ಎಷ್ಟು, ಚಂದ್ರ ಎಷ್ಟು?” ಎಂದು ಕೇಳಿದರು. ಅದು ಉತ್ತರ ಬಯಸಿದ ಪ್ರಶ್ನೆಯಲ್ಲ. ಆದರೆ ನನ್ನ ಬಳಿ ಲೆಕ್ಕವಿತ್ತು. ಕಬ್ಬಿಣ ನೂರ ಹನ್ನೆರಡು, ಗ್ರಹ ಚಂದ್ರ ಸೇರಿ ಇಪ್ಪತ್ತಾರು ಎಂದು ಹೇಳಿಬಿಟ್ಟೆ.

ಈ ನಡುವೆ ಶರಣಪ್ಪ ಚಿತ್ರವನ್ನು ಬೋರ್ಡಿನಿಂದ ಬಿಡಿಸಿ ಬೆಳಕಿಗೆ ಹಿಡಿದಿದ್ದರು. ಎಷ್ಟು ದೂರ ಎಂದು ಕೇಳಿದರು. ಅಲ್ಲಿಂದ ಬೆಳಕು ಬರುವುದಕ್ಕೇ ಅರ್ಧ ಗಂಟೆಗೂ ಹೆಚ್ಚು ಬೇಕು ಎಂದೆ. ಅವರು ಗಂಭೀರವಾಗಿ ತಲೆಯಾಡಿಸಿದರು.

“ಮರಳು ಹಸಿ ಇದ್ದಿರಬೇಕು ನೋಡ್ರಿ,” ಅಂದರು.

ಅವರ ಹೆಸರು ಎರಡಕ್ಕೇ ನಿಂತಿತು. ಖಾಲಿ ಇದ್ದ ಜರಡಿಗೆ ಮುನಿರಾಜು ನನ್ನನ್ನು ಹಾಕಿದರು. ಈಗ ನಾನು ಜರಡಿ ಹಿಡಿದ ಮರಳು ಶರಣಪ್ಪನವರ ಅಚ್ಚಿಗೇ ಹೋಗುತ್ತದೆ. ಅವರು ದಿನವೂ ಬಂದು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಸುಕಿ, ಬೆರಳು ಬಿಚ್ಚಿ ಹದ ನೋಡುತ್ತಾರೆ. ಮೊದಲ ವಾರದಲ್ಲೇ ನಾಲ್ಕು ಸಲ ವಾಪಸು ಕಳಿಸಿದರು. ಏನು ದೋಷ, ಫೋಟೊ ಎಲ್ಲಿ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.